ಎಲ್ಲ ಮ್ಯೂಟ್ ಮಾಡಿ, ದನಿ ಮತ್ತು ಕಿಕ್ ಮಾತ್ರ ಉಳಿಸಿದ ರಾತ್ರಿ

ಗಂಗಾವತಿ ಕೀಬೋರ್ಡ್

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ದಯವಿಟ್ಟು ಕೊನೆವರೆಗೂ ಓದಿ. ಕೊನೆಯಲ್ಲಿ ಎರಡು ಪ್ರಶ್ನೆ ಇವೆ. ಉತ್ತರ ನನಗೆ ನಿಜವಾಗಿಯೂ ಬೇಕಾಗಿದೆ.

ನಾನು ಹದಿನಾಲ್ಕು ವರ್ಷ ರಸಮಂಜರಿ ತಂಡಗಳಲ್ಲಿ ಕೀಬೋರ್ಡ್ ನುಡಿಸಿದೆ. ಜಾತ್ರೆ, ಮದುವೆ, ಗಣಪತಿ ಹಬ್ಬ ಎಲ್ಲ ಸುತ್ತಿ ಆಗಿದೆ. ಈಗ ಮನೆಯ ಮಾಳಿಗೆ ಮೇಲೊಂದು ಕೋಣೆಯಲ್ಲಿ ಜಾನಪದ ಹಾಡುಗಳ ರೆಕಾರ್ಡಿಂಗ್ ಮಾಡುತ್ತೇನೆ. ಗೋಡೆ ತುಂಬಾ ಹಳೆ ಕೌದಿ ಕಟ್ಟಿದ್ದೇನೆ. ಎದುರಿಗೇ ಅಕ್ಕಿ ಗಿರಣಿ. ಗಿರಣಿ ನಿಂತ ಮೇಲೇ ನನ್ನ ಮೈಕ್ ಆನ್.

ಬೇಸಿಗೆಯಲ್ಲಿ ಸಂಬಂಧದ ಒಬ್ಬ ಅತ್ತೆ ಮನೆಗೆ ಬಂದಿದ್ದರು. ಎಪ್ಪತ್ತು ದಾಟಿದೆ. ರಾತ್ರಿ ಊಟ ಆದ ಮೇಲೆ ಸುಮ್ನೆ ಒಂದು ಬೀಸುವ ಪದ ಹಾಡಿ ಅಂದೆ. ನಾಲ್ಕೂವರೆ ನಿಮಿಷ ಹಾಡಿದರು. ವಾದ್ಯ ಇಲ್ಲ, ತಾಳ ಇಲ್ಲ, ಬರೀ ದನಿ. ತವರು ನೆನೆಯುವ ಪದ. ಮೂರನೆಯ ನುಡಿಗೆ ಬಂದಾಗ ದನಿ ಸ್ವಲ್ಪ ಒಡೆಯುತ್ತದೆ, ಆಮೇಲೆ ಮತ್ತೆ ಗಟ್ಟಿಯಾಗುತ್ತದೆ. ಆ ಜಾಗ ಕೇಳಿದಾಗಲೆಲ್ಲ ಮೈ ಜುಮ್ಮೆನ್ನುತ್ತದೆ.

ಇದಕ್ಕೆ ಹೌಸ್ ಬೀಟ್, ಅಂದರೆ ಕ್ಲಬ್ಬುಗಳಲ್ಲಿ ಕುಣಿಸುವ ಒಂದೇ ಸಮನೆ ಪೆಟ್ಟಿನ ತಾಳ, ಹಾಕಬೇಕು ಅಂತ ಕೂತೆ. ಆರು ವಾರ ಕೂತೆ. ಹಲಗೆ ಹಾಕಿದೆ, ಡೊಳ್ಳು ಹಾಕಿದೆ, ಕೊಳಲು, ಸ್ಟ್ರಿಂಗ್ಸ್, ಮೂರು ಥರದ ಸಿಂಥ್, ಅಂದರೆ ವಿದ್ಯುತ್ ಕೀಬೋರ್ಡಿನ ಸದ್ದು. ಒಂದೊಂದು ಸದ್ದಿಗೆ ಒಂದೊಂದು ಪದರ, ಅದೇ ಟ್ರ್ಯಾಕ್. ಒಟ್ಟು 41 ಟ್ರ್ಯಾಕ್ ಆದವು. ಹೊಸದು ಸೇರಿಸಿದಷ್ಟೂ ಅತ್ತೆಯ ದನಿ ಹಿಂದೆ ಸರಿಯುತ್ತಾ ಹೋಯಿತು. ಹಾಡುಗಳನ್ನು ಹಾಕುವ ಒಂದು ಚಾನೆಲ್‌ನವರಿಗೆ ಕಳಿಸಿದೆ. ‘ಇನ್ನೂ ಜೋರು ಬೇಕು’ ಅಂದರು. ಇನ್ನೂ ನಾಲ್ಕು ಟ್ರ್ಯಾಕ್ ಸೇರಿಸಿದೆ. ಕೇಳಿದರೆ ನನಗೇ ಬೇಜಾರು.

ಆ ವಾರವೇ ‘ಶೋ ಮಿ ಲವ್’ ಅನ್ನುವ ಹೌಸ್ ಹಾಡು ಹುಟ್ಟಿದ ಕಥೆ ತಿಳಿಯಿತು. ಈ ಹಾಡನ್ನು ನೀವೆಲ್ಲ ಕೇಳಿಯೇ ಇರುತ್ತೀರಿ. ಹೆಸರು ಗೊತ್ತಿಲ್ಲದವರಿಗೂ ಆ ಆರ್ಗನ್ ಬೇಸ್ ಗೊತ್ತಿರುತ್ತದೆ. ಹಾಡಿದವರು ನ್ಯೂಯಾರ್ಕಿನ ರಾಬಿನ್ ಎಸ್. ಬರೆದವರು ಆಲನ್ ಜಾರ್ಜ್ ಮತ್ತು ಫ್ರೆಡ್ ಮ್ಯಾಕ್‌ಫಾರ್ಲೇನ್. 1990ರಲ್ಲಿ ಬ್ರಿಟನ್ನಿನ ಚಾಂಪಿಯನ್ ರೆಕಾರ್ಡ್ಸ್ ಮೊದಲ ಸಲ ಇದನ್ನು ಹೊರಗೆ ತಂದಿತ್ತು. ಆಗ ಅಂಥ ಸದ್ದೇನೂ ಆಗಲಿಲ್ಲ. ಹಾಡುವಾಗ ರಾಬಿನ್‌ಗೆ ಫ್ಲೂ ಜ್ವರ ಬೇರೆ. ಇವತ್ತಿಗೂ ನಾವು ಕೇಳುವ ಆ ದನಿ ಜ್ವರದಲ್ಲಿ ಹಾಡಿದ್ದು.

ಎರಡು ವರ್ಷ ಆದ ಮೇಲೆ ಅದೇ ದನಿ ಸ್ವೀಡನ್ನಿನ ಸ್ಟೋನ್‌ಬ್ರಿಡ್ಜ್ ಕೈಗೆ ಬಂತು. ರಿಮಿಕ್ಸ್ ಮಾಡುವುದು ಅವರ ಕೆಲಸ. ಮೊದಲು ಮಾಡಿ ಕಳಿಸಿದ್ದು ಕಂಪನಿಗೆ ಹಿಡಿಸಲಿಲ್ಲ. ಆಗ ಅವರು ಕಿಕ್ (ದಪ್ಪ ಡ್ರಮ್ಮಿನ ಪೆಟ್ಟು) ಮತ್ತು ದನಿ ಎರಡನ್ನೇ ಇಟ್ಟುಕೊಂಡು ಬಾಕಿಯೆಲ್ಲ ತೆಗೆದು ಹಾಕಿದರು. ಆ ಖಾಲಿ ಜಾಗದಲ್ಲಿ ಕಾರ್ಗ್ ಎಂ1 ಕೀಬೋರ್ಡಿನ ‘ಆರ್ಗನ್ 2’ ಹಿಡಿದು ಬೇಸ್ ನುಡಿಸಿದರು. ಎಂ1 ಕೊಂಡ ಯಾರಿಗಾದರೂ ಅದರೊಳಗೇ ಸಿಗುವ ಸದ್ದು ಅದು. ಕೆಲವೇ ಗಂಟೆಗಳ ಕೆಲಸ. 1993ರಲ್ಲಿ ಅದು ಬ್ರಿಟನ್ನಿನ ಪಟ್ಟಿಯಲ್ಲಿ 6ನೇ ಸ್ಥಾನಕ್ಕೆ, ಅಮೆರಿಕದ ಬಿಲ್‌ಬೋರ್ಡ್ ಹಾಟ್ 100ರಲ್ಲಿ 5ನೇ ಸ್ಥಾನಕ್ಕೆ ಏರಿತು. ಡ್ಯಾನ್ಸ್ ಪಟ್ಟಿಯಲ್ಲಂತೂ ಮೊದಲನೆಯದು.

ಇದನ್ನು ತಿಳಿದ ರಾತ್ರಿಯೇ ನಾನು ನನ್ನ ಫೈಲ್ ತೆಗೆದೆ. 45 ಟ್ರ್ಯಾಕ್. ಮೇಲಿಂದ ಒಂದೊಂದೇ ಮ್ಯೂಟ್ ಒತ್ತುತ್ತಾ ಬಂದೆ. ಕೊಳಲು ಹೋಯಿತು. ಸ್ಟ್ರಿಂಗ್ಸ್ ಹೋಯಿತು. ಎರಡು ದಿನ ಕೂತು ಮಾಡಿದ ಡೊಳ್ಳು ಹೋಯಿತು, ಅದನ್ನು ಒತ್ತುವಾಗ ಕೈ ತಡೆಯಿತು. ಕೊನೆಗೆ ಅತ್ತೆಯ ದನಿ, ಕಿಕ್. ಅಷ್ಟೇ. ಕೇಳಿದೆ. ಕೋಣೆಯಲ್ಲಿ ಅತ್ತೆ ಎದುರಿಗೆ ಕೂತು ಹಾಡಿದ ಹಾಗಾಯಿತು. ಬಾಗಿಲಲ್ಲಿ ನನ್ನ ಹೆಂಡತಿ ನಿಂತಿದ್ದಳು. ‘ಇದು ಯಾವಾಗ ಮಾಡಿದ್ರಿ?’ ಅಂದಳು. ಆರು ವಾರದಿಂದ ಅದೇ ದನಿಯನ್ನು ಮನೆಯಲ್ಲೇ ಕೇಳುತ್ತಿದ್ದವಳು ಅವಳು.

ಈಗ ಪ್ರಶ್ನೆ.

ಒಂದು, ಅತ್ತೆಯ ದನಿ ಕಿಕ್ಕಿನ ಜೊತೆ ನಿಲ್ಲುವುದಿಲ್ಲ. ಮೊದಲ ನುಡಿ ನಿಧಾನ, ನಾಲ್ಕನೆಯದು ಚುರುಕು. ಕತ್ತರಿಸಿ ಕತ್ತರಿಸಿ ಕೂರಿಸಿದರೆ ಜೀವ ಹೋಗುತ್ತದೆ. ಏನು ಮಾಡಲಿ?

ಎರಡು, ಇದು ಹೊರಗೆ ಬಂದರೆ ಅತ್ತೆಯ ಹೆಸರು ಹೇಗೆ ಹಾಕಬೇಕು, ದುಡ್ಡು ಬಂದರೆ ಹೇಗೆ ಕೊಡಬೇಕು? ನಮ್ಮ ಕಡೆ ಹಾಡಿದವರಿಗೆ ಒಂದು ಸಲ ಕೈಗೆ ದುಡ್ಡು ಕೊಟ್ಟು ಮುಗಿಸುತ್ತಾರೆ. ನನಗೆ ಹಾಗೆ ಮಾಡಲು ಮನಸ್ಸಿಲ್ಲ.

ಕೌಲ್‌ಬಜಾರ್ ಹೊಲಿಗೆ

ಅಣ್ಣಾ, ನಾನು ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುತ್ತೇನೆ. ಸಂಗೀತ ಕಲಿತವನಲ್ಲ. ಆದರೆ ದಿನಕ್ಕೆ ಹತ್ತು ಗಂಟೆ ಹಾಡು ಕೇಳುತ್ತೇನೆ. ನಮ್ಮ ಶೆಡ್ಡಿನಲ್ಲಿ ಹನ್ನೆರಡು ಮಷಿನ್ ಒಟ್ಟಿಗೆ ಓಡುತ್ತವೆ. ಕಿಟಕಿಯಲ್ಲಿ ಒಂದು ಸಣ್ಣ ಬ್ಲೂಟೂತ್ ಸ್ಪೀಕರ್. ಮಷಿನ್ ಓಡುವಾಗ ಎಷ್ಟೋ ಹಾಡುಗಳಲ್ಲಿ ಬೇಸ್ ಕೇಳುವುದೇ ಇಲ್ಲ. ನೀವು ಹೇಳಿದ ಹಾಡಿನ ಬೇಸ್ ಮಾತ್ರ ಅಷ್ಟು ಗದ್ದಲದಲ್ಲೂ ನೆಟ್ಟಗೆ ಕೇಳುತ್ತದೆ. ಮಾತು ಒಂದೂ ಅರ್ಥ ಆಗುವುದಿಲ್ಲ, ಆದರೂ ಎಲ್ಲರೂ ಗುನುಗುತ್ತಾರೆ. ಇದು ಹೇಗೆ?

ಗಂಗಾವತಿ ಕೀಬೋರ್ಡ್

ಒಳ್ಳೆ ಪ್ರಶ್ನೆ ತಮ್ಮಾ. ಸಣ್ಣ ಸ್ಪೀಕರಿಗೆ ತೀರಾ ಕೆಳಗಿನ ಸದ್ದು ಹೊರಡಿಸುವ ಶಕ್ತಿ ಇರುವುದಿಲ್ಲ. ಬರೀ ಕೆಳಗಿನ ಸದ್ದೇ ಇರುವ ಬೇಸ್ ಹಾಕಿದರೆ ದೊಡ್ಡ ಬಾಕ್ಸಿನಲ್ಲಿ ಎದೆ ನಡುಗುತ್ತದೆ, ಮೊಬೈಲಿನಲ್ಲಿ ಮಾಯ. ಆರ್ಗನ್ ಸದ್ದಿನಲ್ಲಿ ಮೂಲ ಸ್ವರದ ಜೊತೆಗೇ ಮೇಲಿನ ಸ್ವರಗಳೂ ಇರುತ್ತವೆ. ಸಣ್ಣ ಸ್ಪೀಕರ್ ಆ ಮೇಲಿನದನ್ನು ಕೊಡುತ್ತದೆ, ಕೆಳಗಿನದನ್ನು ನಮ್ಮ ಕಿವಿಯೇ ತುಂಬಿಕೊಳ್ಳುತ್ತದೆ. ಮತ್ತೆ ಆ ಸದ್ದು ಶುರುವಾಗುವಾಗ ‘ಟಕ್’ ಅಂತ ಒಂದು ಪೆಟ್ಟು ಇದೆ. ಬೆರಳಿನಿಂದ ಮರದ ಹಲಗೆ ತಟ್ಟಿದ ಹಾಗೆ. ಹಾಗಾಗಿ ಅದು ಬೇಸ್ ಕೆಲಸವನ್ನೂ ಮಾಡುತ್ತದೆ, ತಾಳದ ಕೆಲಸವನ್ನೂ ಮಾಡುತ್ತದೆ. ಮಧ್ಯದಲ್ಲಿ ಬೇರೆ ಏನೂ ತುಂಬಬೇಕಾಗಿಲ್ಲ. ಹಾಡುವವರಿಗೆ ಜಾಗ ಉಳಿಯುತ್ತದೆ.

ಎಂ1 ಬಂದದ್ದು 1988ರಲ್ಲಿ. ಅದರೊಳಗೆ ಸದ್ದುಗಳಿಗೆ ಇದ್ದ ಜಾಗ ಬರೀ 4 ಎಂಬಿ. ಈಗ ನಾವು ಮೊಬೈಲಿನಲ್ಲಿ ತೆಗೆಯುವ ಒಂದು ಫೋಟೋ ಅಷ್ಟಿರುತ್ತದೆ. ನನ್ನ ಕಂಪ್ಯೂಟರಿನಲ್ಲಿ ಅದರ ಸಾವಿರಾರು ಪಟ್ಟು ಸದ್ದು ತುಂಬಿಕೊಂಡು ಆರು ವಾರ ಒದ್ದಾಡಿದೆ.

ಮುದಗಲ್ ಹಲಗೆ

ನಿಮ್ಮ ಮೊದಲ ಪ್ರಶ್ನೆಗೆ ಹೇಳುತ್ತೇನೆ. ನಮ್ಮ ಮುದಗಲ್ ಮೊಹರಂ ನೋಡಿದವರಿಗೆ ಇದು ಗೊತ್ತು. ಅಲಾಯಿ ಕುಣಿತದಲ್ಲಿ ಹಲಗೆ ಬಾರಿಸುವವನು ಗಡಿಯಾರ ನೋಡಿ ಬಾರಿಸುವುದಿಲ್ಲ. ಹಾಡುವವರ ಉಸಿರು ನೋಡುತ್ತಾನೆ, ಕುಣಿಯುವವರ ಕಾಲು ನೋಡುತ್ತಾನೆ. ನೀವು ಉಲ್ಟಾ ಮಾಡುತ್ತಿದ್ದೀರಿ. ಗಡಿಯಾರಕ್ಕೆ ದನಿಯನ್ನು ಕಟ್ಟುತ್ತಿದ್ದೀರಿ. ದನಿಗೆ ಗಡಿಯಾರ ಕಟ್ಟಿ.

ಹೀಗೆ ಮಾಡಿ. ಕ್ಲಿಕ್ (ಸಾಫ್ಟ್‌ವೇರಿನ ಟಿಕ್ ಟಿಕ್ ತಾಳ) ಬಂದ್ ಮಾಡಿ. ಹೆಡ್‌ಫೋನ್ ಹಾಕಿಕೊಂಡು ಅತ್ತೆಯ ಪದ ಪೂರ್ತಿ ಕೇಳುತ್ತಾ ಒಂದು ಕೀ ಮೇಲೆ ಬೆರಳಿನಿಂದ ತಾಳ ತಟ್ಟಿ. ಹತ್ತು ಸಲ ತಟ್ಟಿ. ಮೊದಲ ಎಂಟು ಸಲ ನೀವು ಪದ ಕಲಿಯುತ್ತೀರಿ, ಕೊನೆಯ ಎರಡು ಸಲ ಸರಿ ಬರುತ್ತದೆ. ಆ ತಟ್ಟಿದ್ದನ್ನೇ ಸಾಫ್ಟ್‌ವೇರಿಗೆ ಗತಿಯ ನಕ್ಷೆಯಾಗಿ ಕೊಡಿ. ಆಗ ಕಿಕ್ ಅತ್ತೆಯ ಹಿಂದೆ ನಡೆಯುತ್ತದೆ. ಮತ್ತೆ ಒಂದು ಮಾತು, ಈ ಪದಗಳಲ್ಲಿ ದನಿ ಪೆಟ್ಟಿಗಿಂತ ಕೂದಲೆಳೆ ಮುಂಚೆ ಎತ್ತಿಕೊಳ್ಳುತ್ತದೆ. ತಪ್ಪು ಅಂತ ಅದನ್ನು ಹಿಂದೆ ಎಳೆಯಬೇಡಿ.

ರಾಯಚೂರು ಮೇಷ್ಟ್ರು

ಕ್ಷಮಿಸಿ, ನನಗೆ ಈ ಯೋಚನೆಯೇ ಒಪ್ಪಿಗೆ ಇಲ್ಲ. ಬೀಸುವ ಪದ ನಸುಕಿನಲ್ಲಿ, ಚಿಮಣಿ ಬೆಳಕಲ್ಲಿ ಹುಟ್ಟಿದ್ದು. ಒಬ್ಬ ಹೆಂಗಸು ತನಗೆ ತಾನೇ ಹೇಳಿಕೊಂಡ ಮಾತು. ಹೌಸ್ ಅನ್ನುವುದು ಕ್ಲಬ್ಬಿನ ಸಂಗೀತ. ಎರಡಕ್ಕೂ ಏನು ಸಂಬಂಧ? ಟ್ರ್ಯಾಕ್ಟರ್ ಮೇಲೆ ಬಾಕ್ಸ್ ಕಟ್ಟಿಕೊಂಡು ಜನಪದ ಹಾಡುಗಳನ್ನು ಏನು ಮಾಡುತ್ತಿದ್ದಾರೆ ಅಂತ ಪ್ರತಿ ಹಬ್ಬದಲ್ಲೂ ಕೇಳುತ್ತಿದ್ದೇನೆ. ಮಾತು ಒಂದೂ ಕಿವಿಗೆ ಬೀಳುವುದಿಲ್ಲ. ನಿಮ್ಮ ಅತ್ತೆಯವರ ಪದ ಹಾಗೇ ಇರಲಿ ತಮ್ಮಾ. ಹಾಗೇ ಹಾಕಿ. ಬರೀ ದನಿ ಸಾಕು.

ಸಿಂಧನೂರು ಕ್ಯಾಸೆಟ್

ಮೇಷ್ಟ್ರೇ, ನಿಮ್ಮ ಬೇಸರ ಅರ್ಥವಾಗುತ್ತದೆ. ಮಾತು ಕೇಳದ ಡಿಜೆ ಬಗ್ಗೆ ನನಗೂ ಅದೇ ದೂರು. ಆದರೆ ಹೌಸ್ ಎಲ್ಲಿಂದ ಬಂತು ಅಂತ ಸ್ವಲ್ಪ ಕೇಳಿ. ನಾನು ಮೂವತ್ತು ವರ್ಷದಿಂದ ಇದನ್ನು ಕೂಡಿಡುತ್ತಾ ಬಂದವನು.

1979ರ ಜುಲೈ 12. ಶಿಕಾಗೋದ ಕಾಮಿಸ್ಕಿ ಪಾರ್ಕ್ ಬೇಸ್‌ಬಾಲ್ ಮೈದಾನದಲ್ಲಿ ಡಿಸ್ಕೋ ಬೇಡ ಅನ್ನುವವರು ಡಿಸ್ಕೋ ರೆಕಾರ್ಡುಗಳನ್ನು ಗುಡ್ಡೆ ಹಾಕಿ ಸ್ಫೋಟಿಸಿದರು. ಜನ ಮೈದಾನಕ್ಕೆ ನುಗ್ಗಿ ಗಲಾಟೆ ಆಯಿತು. ಆಮೇಲೆ ದೊಡ್ಡ ಕಂಪನಿಗಳು ಡಿಸ್ಕೋದಿಂದ ಕೈ ತೆಗೆದವು. ಅದೇ ಊರಿನಲ್ಲಿ ವೇರ್‌ಹೌಸ್ ಅಂತ ಒಂದು ಕ್ಲಬ್ ಇತ್ತು. 1977ರಿಂದ ಅಲ್ಲಿ ಫ್ರ್ಯಾಂಕಿ ನಕಲ್ಸ್ ಹಾಡು ಹಾಕುತ್ತಿದ್ದರು. ಅಲ್ಲಿಗೆ ಬರುತ್ತಿದ್ದವರಲ್ಲಿ ಹೆಚ್ಚಿನವರು ಕಪ್ಪು ಹುಡುಗರು, ಲ್ಯಾಟಿನೋ ಹುಡುಗರು, ಅವರಲ್ಲಿ ಬಹಳ ಜನ ಸಲಿಂಗಿಗಳು. ಬೇರೆ ಕಡೆ ಅವರಿಗೆ ಸುಲಭಕ್ಕೆ ಜಾಗ ಸಿಗುತ್ತಿರಲಿಲ್ಲ. ಹೊಸ ಡಿಸ್ಕೋ ಬರುವುದು ಕಡಿಮೆಯಾದಾಗ ನಕಲ್ಸ್ ಹಳೆಯ ಹಾಡುಗಳನ್ನೇ ಟೇಪಿನಲ್ಲಿ ಕತ್ತರಿಸಿ ಜೋಡಿಸಿ ಉದ್ದ ಮಾಡಿದರು. ಆಮೇಲೆ ಡ್ರಮ್ ಮಷಿನಿನ ಪೆಟ್ಟು ಸೇರಿಸಿದರು. ವೇರ್‌ಹೌಸಿನ ‘ಹೌಸ್’ ಉಳಿದು ಸಂಗೀತದ ಹೆಸರಾಯಿತು. 2004ರಲ್ಲಿ ಆ ಕ್ಲಬ್ ಇದ್ದ ಬೀದಿಯ ಒಂದು ಭಾಗಕ್ಕೆ ನಕಲ್ಸ್ ಹೆಸರನ್ನೇ ಇಟ್ಟರು.

ಇದು ಶ್ರೀಮಂತರ ಆಟ ಅಲ್ಲ ಮೇಷ್ಟ್ರೇ. ಅಲ್ಲಿ ಹೌಸ್ ಹಾಡು ಕಟ್ಟಿದ ಮಾರ್ಷಲ್ ಜೆಫರ್ಸನ್ ಅಂಚೆ ಕಚೇರಿಯಲ್ಲಿ ಕೆಲಸ ಮಾಡುತ್ತಿದ್ದವರು. ಕೀಬೋರ್ಡ್ ನುಡಿಸಲು ಸರಿಯಾಗಿ ಬರುತ್ತಿರಲಿಲ್ಲ. ಸಾಲ ಮಾಡಿ ಸಾಮಾನು ತಂದಾಗ ಗೆಳೆಯರು ನಕ್ಕರು. 1986ರ ‘ಮೂವ್ ಯುವರ್ ಬಾಡಿ’ಯ ಪಿಯಾನೋವನ್ನು ನಿಧಾನಕ್ಕೆ ನುಡಿಸಿ ಆಮೇಲೆ ವೇಗ ಏರಿಸಿದರು. ಹೌಸಿನಲ್ಲಿ ಪಿಯಾನೋ ಯಾಕೆ ಅಂತ ಕೇಳಿದವರೂ ಇದ್ದರು. ಆಮೇಲೆ ಪಿಯಾನೋ ಇಲ್ಲದ ಹೌಸ್ ಹುಡುಕುವುದೇ ಕಷ್ಟ ಆಯಿತು.

ಇನ್ನೊಂದು ನಮ್ಮ ದೇಶದ್ದೇ ಕಥೆ. ಮುಂಬೈನ ಚರಣಜಿತ್ ಸಿಂಗ್ ಸಿನಿಮಾ ಹಾಡುಗಳಿಗೆ ನುಡಿಸುತ್ತಿದ್ದವರು. 1982ರಲ್ಲಿ ರೋಲ್ಯಾಂಡ್ ಕಂಪನಿಯ ಟಿಬಿ 303, ಟಿಆರ್ 808, ಜುಪಿಟರ್ 8 ಅನ್ನುವ ಮೂರು ವಿದ್ಯುತ್ ವಾದ್ಯ ಇಟ್ಟುಕೊಂಡು ಭೈರವ, ಲಲಿತ, ಮೇಘ ಮಲ್ಹಾರ, ಯಮನ್ ಹೀಗೆ ಹತ್ತು ರಾಗಗಳನ್ನು ಡಿಸ್ಕೋ ತಾಳಕ್ಕೆ ನುಡಿಸಿ ಒಂದು ಎಲ್‌ಪಿ ಮಾಡಿದರು. ಆಗ ಯಾರೂ ತಿರುಗಿ ನೋಡಲಿಲ್ಲ. 303 ಅನ್ನುವುದು ಬೇಸ್ ನುಡಿಸುವವರು ಸಿಗದ ಗಿಟಾರಿನವರಿಗಾಗಿ ಮಾಡಿದ ಪೆಟ್ಟಿಗೆ. ಅಂಗಡಿಯಲ್ಲಿ ಸೋತಿತು, ಸೆಕೆಂಡ್ ಹ್ಯಾಂಡಿನಲ್ಲಿ ಅಗ್ಗವಾಯಿತು. ಅಗ್ಗವಾದ್ದರಿಂದಲೇ ಶಿಕಾಗೋದ ಹುಡುಗರ ಕೈಗೆ ಬಂತು. 1987ರಲ್ಲಿ ಅಲ್ಲಿಂದ 303ರ ಸದ್ದಿನ ಮೇಲೆ ಕಟ್ಟಿದ ಆ್ಯಸಿಡ್ ಹೌಸ್ ರೆಕಾರ್ಡ್ ಆಗಿ ಬಂತು. ಆ ಹುಡುಗರಿಗೆ ಸಿಂಗ್ ಯಾರು ಅಂತ ಗೊತ್ತಿರಲಿಲ್ಲ, ಸಿಂಗ್‌ಗೂ ಅವರ ಸುದ್ದಿ ಇರಲಿಲ್ಲ. 2010ರಲ್ಲಿ ಆ ಎಲ್‌ಪಿ ಮತ್ತೆ ಅಚ್ಚಾದಾಗ ಕೇಳಿದವರೆಲ್ಲ ಬೆರಗಾದರು. ನಾನಂತೂ ಆ ಭೈರವವನ್ನು ಒಂದು ಮುಂಜಾವು ಕಾಲುವೆ ದಂಡೆ ಮೇಲೆ ನಡೆಯುತ್ತಾ ಕೇಳಿದೆ. ಮಷಿನಿನೊಳಗೆ ಕೋಮಲ ರಿಷಭ ಅಷ್ಟು ಚೆನ್ನಾಗಿ ಜಾರುತ್ತದೆ ಅಂತ ನನಗೆ ಗೊತ್ತೇ ಇರಲಿಲ್ಲ.

ರಾಯಚೂರು ಮೇಷ್ಟ್ರು

ಇಷ್ಟು ವಿವರ ಗೊತ್ತಿರಲಿಲ್ಲ. ಅಂಚೆ ಕಚೇರಿಯ ಮಾತು ಮನಸ್ಸಿಗೆ ತಟ್ಟಿತು. ಹೊರಗೆ ನಿಲ್ಲಿಸಿದವರು ತಮಗೆ ಸಿಕ್ಕಿದ್ದರಲ್ಲಿ ಹಾಡು ಕಟ್ಟಿಕೊಂಡರು ಅಂದರೆ ಅದು ನಮಗೂ ಗೊತ್ತಿರುವ ಮಾತೇ.

ಆದರೂ ಒಂದು ವಿಷಯ ಹೇಳುತ್ತೇನೆ. ಬೀಸುವ ಪದದ ಗತಿಯನ್ನು ಹಾಡುವವರು ಇಟ್ಟುಕೊಂಡದ್ದಲ್ಲ, ಕಲ್ಲು ಇಟ್ಟದ್ದು. ಬೀಸುಕಲ್ಲಿಗೆ ಜೋಳ ಹಾಕಿದಾಗ ಭಾರ ಜಾಸ್ತಿ, ನಿಧಾನ. ಹಿಟ್ಟು ಇಳಿದ ಮೇಲೆ ಹಗುರ, ಚುರುಕು. ಮತ್ತೆ ಒಂದು ಹಿಡಿ ಹಾಕಿದರೆ ಮತ್ತೆ ನಿಧಾನ. ನಮ್ಮ ತಾಯಿ ಹಾಡುವಾಗ ನುಡಿ ಮುಗಿದ ಕಡೆಯೇ ಕಾಳು ಹಾಕುತ್ತಿದ್ದರು, ಆಗ ಒಂದು ಉಸಿರಿನಷ್ಟು ಬಿಡುವು. ನಿಮ್ಮ ಅತ್ತೆ ಕಲ್ಲಿಲ್ಲದೆ ಹಾಡಿದರೂ ಕೈಯಲ್ಲಿ ಕಲ್ಲು ಇದ್ದೇ ಇರುತ್ತದೆ. ನುಡಿಗಳ ನಡುವಿನ ಬಿಡುವನ್ನು ಮಾತ್ರ ತೆಗೆಯಬೇಡಿ.

ಯಲಬುರ್ಗಾ ಅಕ್ಕ

ಎರಡನೆಯ ಪ್ರಶ್ನೆಗೆ ಯಾರೂ ಬಂದೇ ಇಲ್ಲ. ನನಗೆ ಮುಖ್ಯ ಅದೇ.

1989ರ ಹೌಸ್ ಹಾಡು ‘ರೈಡ್ ಆನ್ ಟೈಮ್’ ಗೊತ್ತಲ್ವಾ? ಇಟಲಿಯ ಬ್ಲ್ಯಾಕ್ ಬಾಕ್ಸ್ ತಂಡ ಮಾಡಿದ್ದು. ಬ್ರಿಟನ್ನಿನಲ್ಲಿ ಆರು ವಾರ ಮೊದಲ ಸ್ಥಾನ. ಆ ವರ್ಷ ಅಲ್ಲಿ ಅತಿ ಹೆಚ್ಚು ಮಾರಿದ ಸಿಂಗಲ್ ಅದೇ. ಅದರಲ್ಲಿ ಸಿಡಿಲಿನ ಹಾಗೆ ಬರುವ ದನಿ ಲೋಲಿಯಾಟಾ ಹಾಲೊವೇ ಅವರದು. 1980ರಲ್ಲಿ ಡ್ಯಾನ್ ಹಾರ್ಟ್‌ಮನ್ ಬರೆದು ಮಾಡಿಸಿದ ಹಾಡಿನಲ್ಲಿ ಅವರು ಹಾಡಿದ್ದು. ಅಲ್ಲಿಂದ ತುಂಡು ತುಂಡು ಎತ್ತಿಕೊಂಡರು. ಅವರನ್ನು ಕೇಳಲಿಲ್ಲ, ಹೆಸರು ಹಾಕಲಿಲ್ಲ. ಟಿವಿಯಲ್ಲಿ ಬೇರೊಬ್ಬ ಮಾಡೆಲ್ ಬಾಯಿ ಆಡಿಸಿದಳು. ಹಾಲೊವೇ ಹಾಡಿದ್ದು ‘ರೈಟ್ ಆನ್ ಟೈಮ್’. ಮಾಡಿದವರಿಗೆ ಆ ಮಾತು ಕೂಡ ಸರಿಯಾಗಿ ಕೇಳಿಸಿರಲಿಲ್ಲ, ಹೆಸರು ‘ರೈಡ್’ ಅಂತಲೇ ಉಳಿಯಿತು. ಹಾಲೊವೇ ವಕೀಲರನ್ನು ಹಿಡಿದ ಮೇಲೆ ಪರಿಹಾರ ಸಿಕ್ಕಿತು. ಆಮೇಲೆ ಹೀದರ್ ಸ್ಮಾಲ್ ಕೈಲಿ ಮತ್ತೆ ಹಾಡಿಸಿದರು. ಅವರ ಹೆಸರೂ ಹಾಕಲಿಲ್ಲ. ಅದೇ ತಂಡದ ಮುಂದಿನ ಹಾಡುಗಳಿಗೆ ದನಿ ಕೊಟ್ಟ ಮಾರ್ಥಾ ವಾಶ್ ಅವರೂ ಕೋರ್ಟಿಗೆ ಹೋಗಬೇಕಾಯಿತು.

ಇದು ನನಗೆ ದೂರದ ಕಥೆ ಅಲ್ಲ. ನಮ್ಮಮ್ಮ ಸೋಬಾನೆ ಹಾಡುತ್ತಿದ್ದರು. ತೊಂಬತ್ತರ ದಶಕದಲ್ಲಿ ಯಾರೋ ಬಂದು ಒಂದು ದಿನ ಹಾಡಿಸಿಕೊಂಡು ಹೋದರು. ಒಂದು ಸೀರೆ ಕೊಟ್ಟರು. ಮುಂದೆ ಜಾತ್ರೆಯಲ್ಲಿ ಕ್ಯಾಸೆಟ್ ಅಂಗಡಿ ಮುಂದೆ ಅಮ್ಮನ ದನಿ ಕೇಳಿತು. ನಾನು ಅಮ್ಮನ ಕೈ ಹಿಡಿದುಕೊಂಡು ನಿಂತಿದ್ದೆ. ಕ್ಯಾಸೆಟ್ ಕೊಂಡು ತಿರುಗಿಸಿ ನೋಡಿದೆವು. ಬೇರೊಬ್ಬರ ಹೆಸರು, ಅದರ ಮುಂದೆ ‘ಮತ್ತು ಸಂಗಡಿಗರು’. ಅಮ್ಮ ಏನೂ ಅನ್ನಲಿಲ್ಲ. ಆ ಕ್ಯಾಸೆಟ್ ಇವತ್ತಿಗೂ ಟ್ರಂಕಿನಲ್ಲಿದೆ. ಅಮ್ಮ ಇಲ್ಲ.

ನೀವು ಹೆಸರು ಹಾಕಿ ತಮ್ಮಾ. ಮೊದಲು ಅವರದು, ಆಮೇಲೆ ನಿಮ್ಮದು. ಊರ ಹೆಸರನ್ನೂ ಹಾಕಿ.

ರಾಯಚೂರು ವಕೀಲ

ಅಕ್ಕಾ, ಓದಿ ಸುಮ್ಮನೆ ಕೂರಲು ಆಗಲಿಲ್ಲ. ಕಾನೂನಿನ ಮಾತು ಇಷ್ಟೇ. ಪರಂಪರೆಯ ಪದಕ್ಕೆ ಒಬ್ಬ ಮಾಲೀಕ ಇಲ್ಲದಿರಬಹುದು. ಆದರೆ ಹಾಡಿದವರ ಹಾಡುಗಾರಿಕೆ ಅವರದೇ. 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಹಾಡುವವರಿಗೆ ಪ್ರದರ್ಶಕರ ಹಕ್ಕು ಇದೆ, ಅದು 50 ವರ್ಷ ಇರುತ್ತದೆ. 2012ರ ತಿದ್ದುಪಡಿ ಬಂದ ಮೇಲೆ ವಾಣಿಜ್ಯ ಬಳಕೆಯಲ್ಲಿ ಅವರಿಗೆ ರಾಯಲ್ಟಿಯ ಹಕ್ಕೂ ಇದೆ, ಹಾಡಿದ್ದು ತಾನೇ ಎಂದು ಹೆಸರು ಕೇಳುವ ಹಕ್ಕೂ ಇದೆ. ಒಂದು ಕಾಗದ ಮಾಡಿ. ಕನ್ನಡದಲ್ಲೇ ಮಾಡಿ, ಜೋರಾಗಿ ಓದಿ ಹೇಳಿ, ಮನೆಯವರೊಬ್ಬರು ಪಕ್ಕದಲ್ಲಿರಲಿ. ಬಂದದ್ದರಲ್ಲಿ ಅರ್ಧ ಅಂತ ಬರೆದರೆ ಅರ್ಧ, ಯಾವಾಗ ಕೊಡುತ್ತೀರಿ ಅನ್ನುವುದೂ ಇರಲಿ. ಒಂದು ಪ್ರತಿ ಅವರ ಮನೆಯಲ್ಲಿರಲಿ.

ಸಿರುಗುಪ್ಪ ಡಿಜೆ

ಮೇಷ್ಟ್ರು ಹೇಳಿದ ಟ್ರ್ಯಾಕ್ಟರ್ ಡಿಜೆ ನಾನೇ. ಮಾತು ಕೇಳುವುದಿಲ್ಲ ಅನ್ನುವ ದೂರು ನಿಜ ಸರ್. ಸಬ್, ಅಂದರೆ ಎದೆ ನಡುಗಿಸುವ ತೀರಾ ಕೆಳಗಿನ ಸದ್ದು, ಜಾಸ್ತಿ ಕೊಡಿ ಅಂತ ಹುಡುಗರು ಹಟ ಹಿಡಿಯುತ್ತಾರೆ, ಸಬ್ ಏರಿಸಿದರೆ ದನಿ ಮುಳುಗುತ್ತದೆ. ನಾಲ್ಕೈದು ಟ್ರ್ಯಾಕಿನ ಹಾಡಾದರೆ ಮುಳುಗುವುದಿಲ್ಲ. ಅದಕ್ಕೇ ಈ ಹಳೆ ಹೌಸ್ ಹಾಡುಗಳು ಬಾಕ್ಸಿನಲ್ಲಿ ಚೆನ್ನಾಗಿ ನಿಲ್ಲುತ್ತವೆ.

ಮುದಗಲ್ ಅಣ್ಣ ಹೇಳಿದ ಹಾಗೆ ಕಿಕ್ಕನ್ನು ದನಿಯ ಹಿಂದೆ ನಡೆಸಿದರೆ ನನಗೊಂದು ತೊಂದರೆ. ಗತಿ ಅಲ್ಲಾಡುವ ಹಾಡಿಗೆ ಇನ್ನೊಂದು ಹಾಡು ಸೇರಿಸುವುದು ಕಷ್ಟ. 12 ಇಂಚಿನ ರೆಕಾರ್ಡುಗಳಲ್ಲಿ ಹಾಡು ಆರು ಏಳು ನಿಮಿಷ ಇರುತ್ತಿದ್ದದ್ದಕ್ಕೆ ಹಾಡು ಸೇರಿಸುವುದೂ ಒಂದು ಕಾರಣ. ಶುರುವಿನಲ್ಲಿ ಬರೀ ತಾಳ, ಕೊನೆಯಲ್ಲಿ ಬರೀ ತಾಳ, ಡಿಜೆಗೆ ಸೇರಿಸಲು ಜಾಗ. ಗತಿ ನಿಮಿಷಕ್ಕೆ 120 ಪೆಟ್ಟು ಇದ್ದರೆ ಒಂದು ಪೆಟ್ಟಿಗೆ ಅರ್ಧ ಸೆಕೆಂಡು, 32 ಪೆಟ್ಟಿಗೆ 16 ಸೆಕೆಂಡು. ನನಗೆ ಹಿಂದೆ ಮುಂದೆ 64 ಪೆಟ್ಟು ನೆಟ್ಟಗೆ ಕೊಡಿ. ನಡುವೆ ಅತ್ತೆಯವರು ಹೇಗೆ ಬೇಕೋ ಹಾಗೆ ಉಸಿರಾಡಲಿ. ಹಳೇ ಡಿಸ್ಕೋದಲ್ಲೂ ಡ್ರಮ್ ಬಾರಿಸಿದ್ದು ಮನುಷ್ಯರೇ, ಗತಿ ಅಲ್ಲಾಡುತ್ತಿತ್ತು, ಡಿಜೆಗಳು ಕೈಯಿಂದ ಸರಿ ಮಾಡಿಕೊಳ್ಳುತ್ತಿದ್ದರು.

ಮುಗಿದ ಮೇಲೆ ತನ್ನಿ. ನಮ್ಮ ಗೋಡೌನಿನಲ್ಲಿ ದೊಡ್ಡ ಬಾಕ್ಸಿನಲ್ಲಿ ಕೇಳೋಣ. ಹಗಲು ಬನ್ನಿ, ರಾತ್ರಿ ಹತ್ತರ ಮೇಲೆ ಹಾಕುವಂತಿಲ್ಲ.

ಗಂಗಾವತಿ ಕೀಬೋರ್ಡ್

ಒಂಬತ್ತು ದಿನ ಆಯಿತು. ಎಲ್ಲರಿಗೂ ಒಟ್ಟಿಗೆ ಹೇಳುತ್ತೇನೆ.

ತಟ್ಟಿದೆ. ಹತ್ತಲ್ಲ, ಇಪ್ಪತ್ತಕ್ಕೂ ಹೆಚ್ಚು ಸಲ. ಗತಿ 112ರಿಂದ 118ರವರೆಗೆ ಹೋಗಿ ಬರುತ್ತದೆ. ಮೇಷ್ಟ್ರು ಹೇಳಿದ ಹಾಗೆಯೇ ಪ್ರತಿ ನುಡಿಯ ಕೊನೆಗೆ ಒಂದು ಬಿಡುವು ಇತ್ತು. ಮೊದಲು ಅದನ್ನು ನಾನೇ ಕತ್ತರಿಸಿದ್ದೆ, ಖಾಲಿ ಅಂದುಕೊಂಡು. ವಾಪಸ್ ಇಟ್ಟೆ. ಅಲ್ಲಿ ಕಿಕ್ಕನ್ನೂ ನಿಲ್ಲಿಸಿದೆ. ಆರ್ಗನ್ ಬೇಸ್ ನುಡಿಸಿದೆ, ಮೂರೇ ಸ್ವರ. ಒಟ್ಟು ಐದು ಟ್ರ್ಯಾಕ್.

ಭಾನುವಾರ ಅತ್ತೆಯ ಊರಿಗೆ ಹೋದೆ. ಅವರಿಗೆ ಹೆಡ್‌ಫೋನ್ ಹಾಕಿದೆ. ಕಣ್ಣು ಮುಚ್ಚಿ ಪೂರ್ತಿ ಕೇಳಿದರು. ಬಲಗೈ ಮೊಣಕಾಲ ಮೇಲೆ ಸಣ್ಣಗೆ ಸುತ್ತುತ್ತಿತ್ತು. ಮುಗಿದ ಮೇಲೆ ಹೆಡ್‌ಫೋನ್ ತೆಗೆದು, ‘ಎಲ್ಲಾ ಛಲೋ ಐತಿ ತಮ್ಮಾ, ಕಲ್ಲ ಎಲ್ಲಿ ಹೋತು?’ ಅಂದರು.

ಕಲ್ಲು ಹಿತ್ತಲಲ್ಲಿತ್ತು. ಎಷ್ಟೋ ವರ್ಷದಿಂದ ಯಾರೂ ಮುಟ್ಟಿರಲಿಲ್ಲ. ಸೊಸೆಯಂದಿರು ಇಬ್ಬರು ಸೇರಿ ತೊಳೆದರು. ಹೊಸ ಗೂಟ ಬಡಿದೆವು. ಅತ್ತೆ ಒಂದು ಹಿಡಿ ಜೋಳ ಹಾಕಿ ತಿರುಗಿಸಿದರು. ನಾನು ಮೈಕನ್ನು ಕಲ್ಲಿನ ಬಾಯಿಗೆ ಒಂದು ಗೇಣು ದೂರ ಹಿಡಿದೆ. ಕಾಳು ಒಡೆಯುವಾಗ ಮೊದಲು ಕರಕರ ಅಂತ ಒರಟು ಸದ್ದು, ಹಿಟ್ಟಾಗುತ್ತಾ ಬಂದ ಹಾಗೆ ಗುಯ್‌ಗುಡುವ ಮೆತ್ತನೆ ಸದ್ದು. ಒಂದು ಸುತ್ತಿಗೆ ಸರಿಯಾಗಿ ಎರಡು ಕಿಕ್ ಬರುತ್ತದೆ. ನಾನು ಹೊಂದಿಸಿದ್ದಲ್ಲ, ಅದೇ ಬಂತು. ಚಿಕ್ ಚಿಕ್ ಅನ್ನುವ ಹೈಹ್ಯಾಟ್ ತಾಳ ತೆಗೆದು ಅಲ್ಲಿ ಕಲ್ಲನ್ನೇ ಇಟ್ಟಿದ್ದೇನೆ.

ಕಾಗದವೂ ಆಯಿತು. ಮೊಮ್ಮಗಳು ಓದಿ ಹೇಳಿದಳು. ಅರ್ಧ ಅರ್ಧ. ಹೆಸರು ಮೊದಲು ಅವರದು, ಊರೂ ಇದೆ. ‘ದುಡ್ಡು ಯಾಕಪ್ಪ’ ಅಂದರು. ಯಲಬುರ್ಗಾ ಅಕ್ಕನ ಅಮ್ಮನ ಕ್ಯಾಸೆಟ್ ಕಥೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಹೆಬ್ಬೆಟ್ಟು ಒತ್ತಿದರು.

2022ರಲ್ಲಿ ಅಮೆರಿಕದ ಗಾಯಕಿ ಬಿಯಾನ್ಸೆ ಹೊಸ ಹಾಡಿನಲ್ಲಿ ‘ಶೋ ಮಿ ಲವ್’ ನೆನಪಿಸುವ ಆ ಆರ್ಗನ್ ತಂದರು. ಜಾರ್ಜ್, ಮ್ಯಾಕ್‌ಫಾರ್ಲೇನ್ ಹೆಸರನ್ನು ಬರೆದವರ ಪಟ್ಟಿಯಲ್ಲಿ ಹಾಕಿದರು. ರಾಬಿನ್ ಎಸ್ ಅವರಿಗೆ ಆ ಸುದ್ದಿ ಗೊತ್ತಾಗಿದ್ದು ಮಗ ಫೋನ್ ಮಾಡಿ ಹೇಳಿದಾಗ. ಜ್ವರದಲ್ಲಿ ಹಾಡಿ ಮೂವತ್ತು ವರ್ಷ ಆದ ಮೇಲೆ. ಅತ್ತೆಯ ಮೊಮ್ಮಗಳ ನಂಬರನ್ನು ನನ್ನ ಫೋನಿನಲ್ಲಿ ಎಲ್ಲಕ್ಕಿಂತ ಮೇಲೆ ಇಟ್ಟುಕೊಂಡಿದ್ದೇನೆ. ಇದು ಎಲ್ಲಿ ಹೋದರೂ, ಹೋಗದಿದ್ದರೂ, ಮೊದಲ ಫೋನ್ ಅವಳಿಗೆ.

ಫೈಲ್ ಕೆಳಗೆ ಹಾಕಿದ್ದೇನೆ. ಕೇಳಿ ಹೇಳಿ. ಆರ್ಗನ್ ಜಾಸ್ತಿ ಆಯಿತಾ?

ಸಿರುಗುಪ್ಪ ಡಿಜೆ

ಬಾಕ್ಸಿನಲ್ಲಿ ಹಾಕಿದೆ. ಆರ್ಗನ್ ಒಂದು ಚೂರು ಇಳಿಸಿ. ಕಲ್ಲನ್ನು ಏರಿಸಿ. ಆ ಕರಕರ ಕೇಳಿ ಗೋಡೌನಿನ ಹಮಾಲರು ಚೀಲ ಇಳಿಸಿ ಬಂದು ನಿಂತರು.

ರಾಯಚೂರು ಮೇಷ್ಟ್ರು

ಕೇಳಿದೆ. ಎಲ್ಲ ಮಾತೂ ಕೇಳುತ್ತದೆ. ಬಿಡುವಿನಲ್ಲಿ ಕಿಕ್ ನಿಂತಾಗ ಕಣ್ಣು ತುಂಬಿತು. ಬರೀ ದನಿಯದೂ ಒಂದು ಪ್ರತಿ ಜೊತೆಗೇ ಹಾಕಿ. ಎರಡೂ ಇರಲಿ.

ಗಂಗಾವತಿ ಕೀಬೋರ್ಡ್

ಹಾಕುತ್ತೇನೆ ಸರ್. ಹಾಗೇ ಆಗಲಿ.

ಕೌಲ್‌ಬಜಾರ್ ಹೊಲಿಗೆ

ಅಣ್ಣಾ, ಶೆಡ್ಡಿನಲ್ಲಿ ಹಾಕಿದೆ. ಹನ್ನೆರಡು ಮಷಿನ್ ಓಡುತ್ತಿದ್ದವು, ಬೇಸ್ ನೆಟ್ಟಗೆ ಕೇಳಿತು. ಮೂರನೆಯ ನುಡಿಯಲ್ಲಿ ದನಿ ಒಡೆಯುವ ಜಾಗ ಅಂದಿರಲ್ಲ, ಅಲ್ಲಿ ಪಕ್ಕದ ಮಷಿನಿನ ಅಕ್ಕ ಕಾಲು ತೆಗೆದು ಮಷಿನ್ ನಿಲ್ಲಿಸಿದರು. ಕುರುಗೋಡು ಕಡೆಯವರು. ಅವರ ತಾಯಿಯೂ ಈ ಪದ ಹಾಡುತ್ತಿದ್ದರಂತೆ, ಆದರೆ ಎರಡನೆಯ ನುಡಿ ಬೇರೆ ಇದೆಯಂತೆ. ನಾಳೆ ಊಟದ ಹೊತ್ತಿಗೆ ಹಾಡಿ ತೋರಿಸುತ್ತೇನೆ ಅಂದಿದ್ದಾರೆ. ರೆಕಾರ್ಡ್ ಮಾಡಲಾ?

ಯಲಬುರ್ಗಾ ಅಕ್ಕ

ಮೊದಲು ಅವರ ಹೆಸರು ಬರೆದುಕೊ ತಮ್ಮಾ. ಅವರ ತಾಯಿಯದೂ.